ಕಿತ್ತೂರಿನ ನೆತ್ತಿಯ ಮೇಲೆ, ಎಷ್ಟು ಎತ್ತರದಲ್ಲಿ?

2022ರ ಅಕ್ಟೋಬರ್ 23ರಂದು, ನಡುರಾತ್ರಿ ಕಳೆದು ಏಳು ನಿಮಿಷಕ್ಕೆ, ಶ್ರೀಹರಿಕೋಟಾದಿಂದ ಎಲ್‌ವಿಎಂ-3 ರಾಕೆಟ್ ಮೇಲೆದ್ದಿತು. ಅದರ ಒಡಲಲ್ಲಿ ಒನ್‌ವೆಬ್ ಕಂಪನಿಯ 36 ಇಂಟರ್‌ನೆಟ್ ಉಪಗ್ರಹಗಳಿದ್ದವು. ಬೆಳಗಾವಿ ಜಿಲ್ಲೆಯವರಿಗೆ ಆ ತಾರೀಖಿನ ಗುರುತು ಬೇರೆ ಹೇಳಬೇಕಿಲ್ಲ. 1824ರ ಅಕ್ಟೋಬರ್ 23ರಂದು ಕಿತ್ತೂರು ಕೋಟೆಯ ಮುಂದೆ ಧಾರವಾಡದ ಕಲೆಕ್ಟರ್ ಥ್ಯಾಕರೆ ಹತನಾದ. ರಾಣಿ ಚೆನ್ನಮ್ಮನ ಆ ಗೆಲುವಿನ ನೆನಪಿಗೆ ಕಿತ್ತೂರು ಉತ್ಸವ ಇಂದಿಗೂ ಅದೇ ದಿನ ಶುರುವಾಗುತ್ತದೆ. ಇಸ್ರೋದವರು ಕಿತ್ತೂರಿನ ಪಂಚಾಂಗ ನೋಡಿ ಇಟ್ಟ ಮುಹೂರ್ತವೇನೂ ಅಲ್ಲ, ದಿನಗಳು ಹೊಂದಿಕೊಂಡವು ಅಷ್ಟೆ. ಆದರೆ ಹೊಂದಿಕೆಯಲ್ಲಿ ಒಂದು ಸ್ವಾರಸ್ಯವಿದೆ. ಥ್ಯಾಕರೆ ಸತ್ತ ಸುದ್ದಿ ಕುದುರೆಯ ಬೆನ್ನೇರಿ, ಓಲೆಕಾರರ ಕೈಯಿಂದ ಕೈಗೆ ದಾಟಿ ಮುಂಬೈ ಮುಟ್ಟಬೇಕಾಗಿದ್ದ ಕಾಲ ಅದು. ಈಗ ಆ 36ರಲ್ಲಿ ಯಾವುದೇ ಒಂದು ಉಪಗ್ರಹ, ಕಿತ್ತೂರಿಗೂ ರಾಮದುರ್ಗಕ್ಕೂ ನಡುವೆ ಇರುವಷ್ಟು ನೆಲವನ್ನು ಹತ್ತು ಹನ್ನೆರಡು ಸೆಕೆಂಡಿನಲ್ಲಿ ದಾಟಿಬಿಡುತ್ತದೆ.

ಉಪಗ್ರಹದ ಇಂಟರ್‌ನೆಟ್ ಎಂದಕೂಡಲೇ ನಮ್ಮ ಕಡೆ ಕೇಳುವುದು ಎರಡೇ ಮಾತು: ಸ್ಪೀಡ್ ಎಷ್ಟು, ತಿಂಗಳಿಗೆ ಎಷ್ಟು. ಎಷ್ಟು ಎತ್ತರದಲ್ಲಿದೆ ಎಂದು ಯಾರೂ ಕೇಳುವುದಿಲ್ಲ. ಕರ್ನಾಟಕದಲ್ಲಿ ಐವತ್ತು ವರ್ಷಗಳಿಂದ ನಡೆದುಬಂದ ಉಪಗ್ರಹದ ಕಥೆಯನ್ನು ಹಿಂದಿನಿಂದ ಓದಿಕೊಂಡು ಬಂದರೆ, ಮೊದಲು ಕೇಳಬೇಕಾದದ್ದು ಅದನ್ನೇ ಎನ್ನಿಸುತ್ತದೆ.

ಕಥೆ ಶುರುವಾಗುವುದು ಬೆಂಗಳೂರಿನ ಪೀಣ್ಯದಲ್ಲಿ, ಕೈಗಾರಿಕಾ ಶೆಡ್ಡುಗಳಲ್ಲಿ. ಉಡುಪಿ ಹತ್ತಿರದ ಅದಮಾರಿನಿಂದ ಬಂದ ಯು.ಆರ್. ರಾವ್ ನಾಲ್ಕು ಶೆಡ್ಡು ಹಿಡಿದು, ಉಪಗ್ರಹವನ್ನು ಕಣ್ಣಿಂದಲೂ ನೋಡಿರದ ಹುಡುಗರನ್ನು ಕಟ್ಟಿಕೊಂಡು ಭಾರತದ ಮೊದಲ ಉಪಗ್ರಹ ಆರ್ಯಭಟವನ್ನು ಜೋಡಿಸಿದರು. ತೂಕ 360 ಕಿಲೋ. ದತ್ತಾಂಶ ಹಿಡಿಯುವ ಕೋಣೆಗೆ ಜಾಗ ಸಾಲದೆ ಒಂದು ಶೌಚಾಲಯವನ್ನೇ ಅದಕ್ಕೆ ಮಾಡಿಕೊಂಡರೆಂಬ ಮಾತನ್ನು ಇಸ್ರೋದ ಹಳಬರು ಈಗಲೂ ನಗುತ್ತ ಹೇಳುತ್ತಾರೆ. 1975ರ ಏಪ್ರಿಲ್ 19ರಂದು ಸೋವಿಯತ್ ರಾಕೆಟ್ ಅದನ್ನು ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಐದನೇ ದಿನಕ್ಕೆ ವಿದ್ಯುತ್ ವ್ಯವಸ್ಥೆ ಕೈಕೊಟ್ಟು ಪ್ರಯೋಗಗಳು ನಿಂತವು. ಸಂಪರ್ಕ ಮಾತ್ರ ಕೆಲವು ವರ್ಷ ಉಳಿಯಿತು. ಪಠ್ಯಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ. ನಮಗೆ ಬೇಕಾದ ಸಂಗತಿ ಇರುವುದು ಅದರಾಚೆ: ಆ ಮೂಕ ಉಪಗ್ರಹ ಭೂಮಿ ಸುತ್ತುತ್ತಲೇ ಇದ್ದು, ತೆಳುಗಾಳಿ ಅದನ್ನು ದಿನದಿನಕ್ಕೂ ಒಂಚೂರು ಕೆಳಗೆ ಎಳೆದು, 1992ರ ಫೆಬ್ರವರಿಯಲ್ಲಿ ವಾತಾವರಣಕ್ಕೆ ಬಿದ್ದು ಉರಿದುಹೋಯಿತು. ಅಂದರೆ 600 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟದ್ದು ತಾನಾಗಿ ಇಳಿಯಲು ಹದಿನೇಳು ವರ್ಷ.

ಅದೇ 1975ರ ಆಗಸ್ಟ್ 1ರಂದು ಇನ್ನೊಂದು ಉಪಗ್ರಹ ಉತ್ತರ ಕರ್ನಾಟಕದ ಊರುಗಳೊಳಕ್ಕೇ ಇಳಿಯಿತು, ಚಿತ್ರವಾಗಿ. ಅಮೆರಿಕದ ಎಟಿಎಸ್-6 ಅನ್ನು ಒಂದು ವರ್ಷಕ್ಕೆ ಎರವಲು ಪಡೆದು, ಆರು ರಾಜ್ಯಗಳ ಸುಮಾರು 2400 ಹಳ್ಳಿಗಳಿಗೆ ಟಿವಿ ತೋರಿಸುವ ಪ್ರಯೋಗ ಅದು. ಸೈಟ್ ಎಂದು ಹೆಸರು. ಕರ್ನಾಟಕದಿಂದ ಆಯ್ಕೆಯಾದವು ಬಿಜಾಪುರ, ಗುಲಬರ್ಗಾ, ರಾಯಚೂರು ಜಿಲ್ಲೆಗಳು. ಬೆಳಗಾವಿ ಜಿಲ್ಲೆಗೆ ಆ ಭಾಗ್ಯ ಬರಲಿಲ್ಲ. ರಾಮದುರ್ಗದಿಂದ ಮೂಡಣಕ್ಕೆ ಗಡಿ ದಾಟಿದರೆ ಆಗಿನ ಬಿಜಾಪುರ ಜಿಲ್ಲೆಯ ಬಾದಾಮಿ ತಾಲ್ಲೂಕು. ಗಡಿಯ ಆಚೆಗಿನ ಜಿಲ್ಲೆಗೆ ಟಿವಿ ಬಂತು, ಈಚೆಗೆ ರೇಡಿಯೋವೇ ಗತಿ.

ಆ ಟಿವಿಯ ಛತ್ರಿಯನ್ನು ಸ್ವಲ್ಪ ಹತ್ತಿರದಿಂದ ನೋಡಬೇಕು. ಈಗಿನ ಡಿಶ್‌ನಂತೆ ನುಣ್ಣನೆಯ ತಟ್ಟೆಯಲ್ಲ ಅದು. ಕೋಳಿಗೂಡಿಗೆ ಹೊಡೆಯುತ್ತಾರಲ್ಲ, ಅಂಥ ತಂತಿ ಬಲೆಯನ್ನು ಲೋಹದ ಕಡ್ಡಿಗಳ ಚೌಕಟ್ಟಿಗೆ ಬಿಗಿದು ಮಾಡಿದ, ಮೂರು ಮೀಟರ್ ಅಗಲದ ಬೋಗುಣಿ. ಗಾಳಿ ತೂರಿಹೋಗುತ್ತಿತ್ತು, ಮಳೆ ನಿಲ್ಲುತ್ತಿರಲಿಲ್ಲ, ಎತ್ತಿನ ಗಾಡಿಯಲ್ಲಿ ಸಾಗಿಸುವಷ್ಟು ಹಗುರ. ಅಮೆರಿಕದವರ ಉಪಗ್ರಹ ಒಂಬತ್ತು ಮೀಟರ್ ಅಗಲದ ದೊಡ್ಡ ಆಂಟೆನಾ ಬಿಚ್ಚಿಕೊಂಡು ಜೋರಾಗಿ ಸೂಸುತ್ತಿದ್ದುದರಿಂದ ನೆಲದ ಮೇಲಿನದು ಇಷ್ಟು ಅಗ್ಗದ್ದಾಗಲು ಸಾಧ್ಯವಾಯಿತು. ಶಾಲೆಯ ಅಥವಾ ಪಂಚಾಯಿತಿಯ ಕಟ್ಟೆಯ ಮೇಲೆ ಒಂದೇ ಸೆಟ್ಟು, ಊರೆಲ್ಲ ಸೇರಿ ನೋಡುವುದು. ಬೆಳಿಗ್ಗೆ ಒಂದೂವರೆ ತಾಸು ಮಕ್ಕಳಿಗೆ, ಸಂಜೆ ಎರಡೂವರೆ ತಾಸು ದೊಡ್ಡವರಿಗೆ: ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಒಂದಿಷ್ಟು ಹಾಡು ನಾಟಕ. ಕನ್ನಡದಲ್ಲಿ.

1976ರ ಜುಲೈ 31ಕ್ಕೆ ಕರಾರು ಮುಗಿಯಿತು. ಎರವಲಿನ ಉಪಗ್ರಹ ಅಮೆರಿಕದ ಕಡೆಗೆ ಸರಿಯಿತು, ಹಳ್ಳಿಯ ಪೆಟ್ಟಿಗೆಗಳು ಕಪ್ಪಾದವು. ಮರುವರ್ಷ ಗುಲಬರ್ಗಾದಲ್ಲಿ ನೆಲದ ಮೇಲಿನ ಟಿವಿ ಕೇಂದ್ರ ಬಂದಾಗ ಕೆಲವು ಊರುಗಳಿಗೆ ಮತ್ತೆ ಜೀವ ಬಂತು. ಉಳಿದವು ಕಾದವು. ಬೇರೆಯವರ ಉಪಗ್ರಹವನ್ನು ನಂಬಿದರೆ ಕೊಟ್ಟವರು ಕೇಳಿದ ದಿನ ಬಿಟ್ಟುಕೊಡಬೇಕು ಎಂಬುದನ್ನು ಈ ಭಾಗ 1976ರಲ್ಲೇ ಕಂಡಿದೆ. ಅಮೆರಿಕದ ಸ್ಪೇಸ್‌ಎಕ್ಸ್ ಕಂಪನಿಯ ಉಪಗ್ರಹ ಇಂಟರ್‌ನೆಟ್ ಸ್ಟಾರ್‌ಲಿಂಕ್ ಬಗ್ಗೆ ಈಗ ನಡೆಯುವ ವಾದಗಳಲ್ಲಿ ಆ ವರ್ಷದ ಹೆಸರು ಕೇಳಿಬರುವುದಿಲ್ಲ, ಅದೇ ಆಶ್ಚರ್ಯ.

ಎಟಿಎಸ್-6 ಇದ್ದದ್ದು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿ. ಅಲ್ಲಿ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗುವುದರಿಂದ ನಮ್ಮ ಕಣ್ಣಿಗೆ ಒಂದೇ ಕಡೆ ನಿಂತಂತೆ. ಛತ್ರಿಯನ್ನು ಒಮ್ಮೆ ತಿರುಗಿಸಿ ಬಿಗಿದರೆ ಮುಗಿಯಿತು. ಅಷ್ಟು ಮೇಲೆ ಗಾಳಿಯೇ ಇಲ್ಲ, ಹಾಗಾಗಿ ಸತ್ತ ಉಪಗ್ರಹ ತಾನಾಗಿ ಎಂದೂ ಬೀಳುವುದಿಲ್ಲ. ಎಟಿಎಸ್-6 ಅನ್ನು 1979ರಲ್ಲಿ ನಿಲ್ಲಿಸುವ ಮುನ್ನ ಇನ್ನೂ ಕೆಲವು ನೂರು ಕಿಲೋಮೀಟರ್ ಮೇಲಕ್ಕೆ ತಳ್ಳಿ ದಾರಿ ಬಿಡಿಸಿದರು. ನಮ್ಮ ಬಿಜಾಪುರ ಸೀಮೆಗೆ ಮೊದಲ ಟಿವಿ ತೋರಿಸಿದ ಆ ಯಂತ್ರ ಇವತ್ತಿಗೂ ಅಲ್ಲೇ ಸುತ್ತುತ್ತಿದೆ.

ಮುಂದಿನ ಇಪ್ಪತ್ತೈದು ವರ್ಷ ಇದೇ ಎತ್ತರದ ಉಪಗ್ರಹಗಳ ಕಾಲ. 1982ರಲ್ಲಿ ಹಾಸನದಲ್ಲಿ ನಿಯಂತ್ರಣ ಕೇಂದ್ರವಾಯಿತು, ಇನ್‌ಸ್ಯಾಟ್‌ಗಳು ಬಂದವು, ಊರೂರಿಗೆ ದೂರದರ್ಶನ ಬಂತು. 2004ರ ಸೆಪ್ಟೆಂಬರ್‌ನಲ್ಲಿ ಎಜುಸ್ಯಾಟ್ ಹಾರಿತು. ಅದರ ಮೊದಲ ಪ್ರಯೋಗಗಳಲ್ಲಿ ಬೆಳಗಾವಿಯ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಕಾಲೇಜುಗಳೂ ಇದ್ದವು, ಚಾಮರಾಜನಗರದ ಪ್ರಾಥಮಿಕ ಶಾಲೆಗಳೂ ಇದ್ದವು. ಪಾಠ ಹೇಳಲು ಅದು ಸಾಕು. ಆದರೆ ಮಾತಿಗೆ ಮರುಮಾತು ಬೇಕಾದಾಗ ತೊಡಕು. ಸಂಕೇತ 36,000 ಕಿಲೋಮೀಟರ್ ಏರಿ ಇಳಿದು, ಉತ್ತರ ಮತ್ತೆ ಹಾಗೇ ಏರಿ ಇಳಿದು ಬರುವಷ್ಟರಲ್ಲಿ ಅರ್ಧ ಸೆಕೆಂಡು ಹೋಗಿರುತ್ತದೆ. ಈ ಅರ್ಧ ಸೆಕೆಂಡನ್ನು ಉಳಿಸಬೇಕೆಂದರೆ ಉಪಗ್ರಹವನ್ನು ಕೆಳಗಿಳಿಸಬೇಕು. ಕೆಳಗಿಳಿದದ್ದು ನಿಂತಲ್ಲಿ ನಿಲ್ಲುವುದಿಲ್ಲ, ಕೆಲವೇ ನಿಮಿಷಗಳಲ್ಲಿ ದಿಗಂತದಲ್ಲಿ ಮುಳುಗುತ್ತದೆ. ಅದರ ಹಿಂದೆ ಇನ್ನೊಂದು, ಇನ್ನೊಂದು, ಹೀಗೆ ನೂರಾರು, ಸಾವಿರಾರು ಬೇಕು. ಇಷ್ಟೇ ಇದರ ಗುಟ್ಟು. ಅಮೆರಿಕದ ಇರಿಡಿಯಂ ಕಂಪನಿ 66 ಉಪಗ್ರಹಗಳ ಹಿಂಡು ಕಟ್ಟಿ 1998ರಲ್ಲಿ ಫೋನ್ ಸೇವೆ ತೆರೆಯಿತು, ಮರುವರ್ಷವೇ ದಿವಾಳಿ ಅರ್ಜಿ ಹಾಕಿತು. ಕೊಂಡವರು ಬೇರೆಯಾದರು, ಉಪಗ್ರಹಗಳು ಮೇಲೆಯೇ ಉಳಿದವು.

ಕೆಳಗಿನ ಕಕ್ಷೆಯ ಕಸ ಏನೆಂಬುದು ಬೆಂಗಳೂರಿಗೆ ಗೊತ್ತಾದದ್ದು ಸ್ವಂತ ಮನೆಯ ಅನಾಹುತದಿಂದ. 2001ರ ಅಕ್ಟೋಬರ್ 22ರಂದು ಪಿಎಸ್‌ಎಲ್‌ವಿ-ಸಿ3 ರಾಕೆಟ್ ಮೂರು ಉಪಗ್ರಹಗಳನ್ನು ಅಚ್ಚುಕಟ್ಟಾಗಿ ಬಿಟ್ಟು ಕೆಲಸ ಮುಗಿಸಿತು. ಅದರ ನಾಲ್ಕನೇ ಹಂತ ಖಾಲಿ ಡಬ್ಬಿಯಂತೆ ಕಕ್ಷೆಯಲ್ಲೇ ಉಳಿಯಿತು. ಪೂರ್ತಿ ಖಾಲಿಯಾಗಿರಲಿಲ್ಲ, ಒಳಗೆ ಉಳಿಕೆ ಇಂಧನವಿತ್ತು. ಎರಡು ತಿಂಗಳಾಗುವ ಹೊತ್ತಿಗೆ, ಡಿಸೆಂಬರ್ 19ರಂದು, ಅದು ಸಿಡಿಯಿತು. ರೇಡಾರ್‌ಗೆ ಕಂಡ ಚೂರುಗಳೇ 370ರ ಆಸುಪಾಸು. ಪತ್ರಿಕೆಗಳಿಗೆ ಇದು ಸುದ್ದಿಯಾಗಲಿಲ್ಲ, ಉಡಾವಣೆ ಯಶಸ್ವಿ ಎಂದು ಎರಡು ತಿಂಗಳ ಹಿಂದೆಯೇ ಬರೆದು ಮುಗಿಸಿದ್ದವು. ಇಸ್ರೋದ ಎಂಜಿನಿಯರುಗಳು ಮಾತ್ರ ಮರೆಯಲಿಲ್ಲ. ಮುಂದಿನ ಸಿ4 ರಾಕೆಟ್ಟಿನಿಂದಲೇ, ಕೆಲಸ ಮುಗಿದೊಡನೆ ಉಳಿದ ಇಂಧನವನ್ನೂ ಒತ್ತಡವನ್ನೂ ಹೊರಗೆ ಬಿಟ್ಟು ಹಂತವನ್ನು ನಿಷ್ಕ್ರಿಯಗೊಳಿಸುವ ರೂಢಿ ಬಂತು. ಸಿ3ರ ಚೂರುಗಳಲ್ಲಿ ಹೆಚ್ಚಿನವು ಬಿದ್ದುಹೋದವು, ಕೆಲವು ಇಪ್ಪತ್ತು ವರ್ಷ ದಾಟಿದ ಮೇಲೂ ಕಕ್ಷೆಯಲ್ಲೇ ಇದ್ದವು.

ಎತ್ತರದ ಲೆಕ್ಕ ಎಷ್ಟು ನಿಷ್ಠುರ ಎಂಬುದಕ್ಕೆ ಎರಡು ಸ್ಫೋಟಗಳನ್ನು ಅಕ್ಕಪಕ್ಕ ಇಟ್ಟು ನೋಡಬಹುದು. 2007ರಲ್ಲಿ ಚೀನಾ ತನ್ನದೇ ಹಳೆಯ ಹವಾಮಾನ ಉಪಗ್ರಹವನ್ನು ಕ್ಷಿಪಣಿಯಿಂದ ಹೊಡೆಯಿತು, ಸುಮಾರು 860 ಕಿಲೋಮೀಟರ್ ಎತ್ತರದಲ್ಲಿ. ಮೂರು ಸಾವಿರಕ್ಕೂ ಮಿಕ್ಕ ಚೂರುಗಳೆದ್ದವು, ಅವುಗಳಲ್ಲಿ ಬಹುಪಾಲು ಇನ್ನೂ ಸುತ್ತುತ್ತಿವೆ. 2019ರ ಮಾರ್ಚ್ 27ರಂದು ಭಾರತ ಮಿಷನ್ ಶಕ್ತಿಯಲ್ಲಿ ಹೊಡೆದ ಉಪಗ್ರಹ ಇದ್ದದ್ದು 280 ಕಿಲೋಮೀಟರ್ ಆಸುಪಾಸಿನಲ್ಲಿ. ಕೆಲವೇ ವಾರಗಳಲ್ಲಿ ಎಲ್ಲ ಬಿದ್ದುಹೋಗುತ್ತದೆ ಎಂದು ಸರ್ಕಾರ ಹೇಳಿತು. ಬಹುಪಾಲು ಬಿದ್ದವು ನಿಜ, ಆದರೆ ಏಟಿನ ರಭಸಕ್ಕೆ ಮೇಲಕ್ಕೆ ಚಿಮ್ಮಿದ ಕೆಲವು ವರ್ಷಗಳ ಮೇಲೂ ಉಳಿದವು. ಇದರ ನಡುವೆ 2009ರ ಫೆಬ್ರವರಿ 10ರಂದು, ಸೈಬೀರಿಯಾದ ಮೇಲೆ ಸುಮಾರು 790 ಕಿಲೋಮೀಟರ್ ಎತ್ತರದಲ್ಲಿ, ಇರಿಡಿಯಂನ ಒಂದು ಉಪಗ್ರಹಕ್ಕೆ ರಷ್ಯಾದ ಕೆಟ್ಟುಹೋದ ಉಪಗ್ರಹವೊಂದು ಡಿಕ್ಕಿ ಹೊಡೆದಿತ್ತು. ಹೊಡೆಯಬೇಕೆಂದು ಯಾರೂ ಹೊಡೆದದ್ದಲ್ಲ, ಇಬ್ಬರ ದಾರಿ ಒಂದೇ ಕಡೆ ಅಡ್ಡಬಂತು.

ಅಲ್ಲಿಂದ ಹತ್ತು ವರ್ಷಕ್ಕೆ, 2019ರ ಮೇ 24ರಂದು, ಸ್ಪೇಸ್‌ಎಕ್ಸ್ ಒಂದೇ ಏಟಿಗೆ 60 ಸ್ಟಾರ್‌ಲಿಂಕ್ ಉಪಗ್ರಹಗಳನ್ನು ಬಿಟ್ಟಿತು. ಇವುಗಳ ಹೆಚ್ಚಿನ ಪಾಲನ್ನು ಇಟ್ಟದ್ದು 550 ಕಿಲೋಮೀಟರ್ ಆಸುಪಾಸಿನಲ್ಲಿ, ಅಂದರೆ ಆರ್ಯಭಟಕ್ಕಿಂತ ತುಸು ಕೆಳಗೆ. ಕೆಟ್ಟುಹೋದರೆ ಸುಮಾರು ಐದು ವರ್ಷದಲ್ಲಿ ತಾನಾಗಿ ಬೀಳುತ್ತದೆ. ಒನ್‌ವೆಬ್ ಬೇರೆ ದಾರಿ ಹಿಡಿಯಿತು. 1200 ಕಿಲೋಮೀಟರ್ ಎತ್ತರಕ್ಕೆ ಹೋದರೆ ಒಂದೊಂದು ಉಪಗ್ರಹ ಹೆಚ್ಚು ನೆಲ ನೋಡುತ್ತದೆ, ಸಾವಿರಾರರ ಬದಲು ಆರುನೂರು ಚಿಲ್ಲರೆಯಲ್ಲಿ ಭೂಮಿಯನ್ನೆಲ್ಲ ಮುಚ್ಚಬಹುದು. ವ್ಯಾಪಾರದ ಲೆಕ್ಕಕ್ಕೆ ಇದು ಜಾಣತನವೇ. ಆದರೆ ಅಲ್ಲಿ ಸತ್ತದ್ದು ತಾನಾಗಿ ಇಳಿಯಲು ಶತಮಾನಗಳೇ ಬೇಕು.

ಒನ್‌ವೆಬ್ ಇಸ್ರೋದ ಬಾಗಿಲಿಗೆ ಬಂದದ್ದು ಯುದ್ಧದ ದೆಸೆಯಿಂದ. 2020ರ ಮಾರ್ಚ್‌ನಲ್ಲಿ ಕಂಪನಿ ದಿವಾಳಿ ಎದ್ದಿತು, ಬ್ರಿಟನ್ ಸರ್ಕಾರವೂ ನಮ್ಮ ಭಾರ್ತಿ ಕಂಪನಿಯವರೂ ಸೇರಿ ಕೊಂಡರು. ಉಪಗ್ರಹ ಹಾರಿಸುತ್ತಿದ್ದದ್ದು ರಷ್ಯಾದ ಸೋಯುಜ್. 2022ರ ಮಾರ್ಚ್ ಮೊದಲ ವಾರ ಬೈಕನೂರು ಉಡಾವಣಾ ನೆಲೆಯಲ್ಲಿ 36 ಉಪಗ್ರಹಗಳು ರಾಕೆಟ್ಟಿನ ತುದಿಯಲ್ಲಿ ಸಿದ್ಧವಾಗಿ ಕೂತಿದ್ದವು. ಉಕ್ರೇನ್ ಯುದ್ಧ ಆಗಷ್ಟೇ ಶುರುವಾಗಿತ್ತು. ಬ್ರಿಟನ್ ತನ್ನ ಪಾಲು ಬಿಡಬೇಕು, ಉಪಗ್ರಹಗಳನ್ನು ಸೇನೆ ಬಳಸುವುದಿಲ್ಲವೆಂದು ಬರೆದುಕೊಡಬೇಕು ಎಂದು ರಷ್ಯಾ ಪಟ್ಟು ಹಿಡಿಯಿತು. ಒಪ್ಪದೇ ಹೋದಾಗ ಉಡಾವಣೆ ನಿಂತಿತು, ಉಪಗ್ರಹಗಳು ಅಲ್ಲೇ ಸಿಕ್ಕಿಕೊಂಡವು. ಒನ್‌ವೆಬ್ ಏಪ್ರಿಲ್‌ನಲ್ಲೇ ಇಸ್ರೋದ ವ್ಯಾಪಾರ ನೋಡಿಕೊಳ್ಳುವ ಬೆಂಗಳೂರಿನ ಎನ್‌ಎಸ್‌ಐಎಲ್ ಜೊತೆ ಕರಾರು ಮಾಡಿಕೊಂಡಿತು. ಅದರ ಫಲವೇ ಅಕ್ಟೋಬರ್ 23ರ ರಾತ್ರಿ. ರಾಕೆಟ್ ಅವುಗಳನ್ನು ನಾಲ್ಕು ನಾಲ್ಕರಂತೆ ಒಂಬತ್ತು ಸಲ, ಒಂದಕ್ಕೊಂದು ತಾಗದಂತೆ ದಿಕ್ಕು ತಿರುಗಿಸಿ ತಿರುಗಿಸಿ, 600 ಕಿಲೋಮೀಟರ್ ಎತ್ತರದಲ್ಲಿ ಬಿಟ್ಟಿತು. ಅಲ್ಲಿಂದ ಮೇಲಕ್ಕೆ ಅವು ತಮ್ಮ ಸಣ್ಣ ಎಂಜಿನ್ನಿನ ಬಲದಲ್ಲಿ ನಿಧಾನವಾಗಿ ಏರಿದವು. 2023ರ ಮಾರ್ಚ್ 26ರಂದು ಇನ್ನೂ 36 ಹೋದವು. ಇಸ್ರೋಗೆ ಹಣ ಬಂತು, ಹೆಸರು ಬಂತು, ದೀಪಾವಳಿಯ ಹಿಂದಿನ ದಿನದ ಸಂಭ್ರಮವನ್ನು ಟಿವಿಗಳು ದಿನವಿಡೀ ತೋರಿಸಿದವು. ಆ 72 ಉಪಗ್ರಹಗಳು ಎಲ್ಲಿಗೆ ಹೊರಟಿವೆ, ಅಲ್ಲಿಂದ ಎಂದು ಇಳಿಯುತ್ತವೆ ಎಂದು ಆ ದಿನ ಕೇಳಿದವರನ್ನು ನಾನಂತೂ ಕಾಣೆ.

ವಿಚಿತ್ರವೆಂದರೆ ಅದೇ ಹೊತ್ತಿನಲ್ಲಿ, ಪೀಣ್ಯದಲ್ಲಿ ಇಸ್ರೋದವರೇ ಇದರ ತಿರುಗುಮುರುಗು ಕೆಲಸದಲ್ಲಿ ಮುಳುಗಿದ್ದರು. ಭಾರತ ಮತ್ತು ಫ್ರಾನ್ಸ್ ಸೇರಿ 2011ರಲ್ಲಿ ಹಾರಿಸಿದ ಮೇಘಾ-ಟ್ರಾಪಿಕ್ಸ್ ಉಪಗ್ರಹ 867 ಕಿಲೋಮೀಟರ್ ಎತ್ತರದಲ್ಲಿತ್ತು. ಮೂರು ವರ್ಷ ಬಾಳಲಿ ಎಂದು ಮಾಡಿದ್ದು ಹತ್ತು ವರ್ಷ ದುಡಿಯಿತು. ಸುಮ್ಮನೆ ಬಿಟ್ಟಿದ್ದರೆ ನೂರು ವರ್ಷಕ್ಕೂ ಹೆಚ್ಚು ಕಾಲ ಸುತ್ತುತ್ತಿತ್ತು. ತೊಟ್ಟಿಯಲ್ಲಿ ಇನ್ನೂ ಸುಮಾರು 125 ಕಿಲೋ ಇಂಧನ ಉಳಿದಿತ್ತು. ಅದರಲ್ಲಿ ಇದನ್ನು ಕೆಳಕ್ಕೆ ತಂದು ಬೇಕಾದ ಕಡೆಯೇ ಬೀಳಿಸಿದರೆ ಹೇಗೆ ಎಂಬ ಯೋಚನೆ ಬಂತು. ಹಾಗೆ ಬೀಳಿಸಲೆಂದು ಕಟ್ಟಿದ ಉಪಗ್ರಹವೇ ಅಲ್ಲ ಅದು. ಕೆಳಗಿನ ದಟ್ಟಗಾಳಿಯಲ್ಲಿ ಅದರ ಆಯ ತಪ್ಪಿದರೆ ಮುಗಿಯಿತು, ಎಲ್ಲಿ ಬೀಳುವುದೋ ಹೇಳಲಾಗದು. 2022ರ ಆಗಸ್ಟ್‌ನಿಂದ ಇಪ್ಪತ್ತು ಸಲ ಎಂಜಿನ್ ಉರಿಸಿ ಮೆಟ್ಟಿಲು ಮೆಟ್ಟಿಲಾಗಿ ಇಳಿಸಿದರು. 2023ರ ಮಾರ್ಚ್ 7ರ ಸಂಜೆ ಕೊನೆಯ ಎರಡು ಉರಿತ, ತಲಾ ಇಪ್ಪತ್ತು ನಿಮಿಷ. ಸಾವಿರ ಕಿಲೋದ ಉಪಗ್ರಹ ಪೆಸಿಫಿಕ್ ಸಾಗರದ ನಿರ್ಜನ ಭಾಗದ ಮೇಲೆ ಉರಿದು ಮುಗಿಯಿತು. ನನ್ನ ಲೆಕ್ಕಕ್ಕೆ, ಆ ವರ್ಷ ಚಂದ್ರಯಾನದ ಮುಂದೆ ಯಾರೂ ಗಮನಿಸದೆ ಹೋದ ಈ ಇಳಿಕೆ ಇಸ್ರೋದ ಅತಿ ದೊಡ್ಡ ಕೆಲಸಗಳಲ್ಲಿ ಒಂದು.

ಚಂದ್ರಯಾನಕ್ಕೂ ಕಸದ ಕಾಟ ತಪ್ಪಲಿಲ್ಲ ಅನ್ನಿ. 2023ರ ಜುಲೈ 14ರಂದು ಚಂದ್ರಯಾನ-3ರ ಉಡಾವಣೆಯನ್ನು ನಾಲ್ಕು ಸೆಕೆಂಡು ತಡಮಾಡಬೇಕಾಯಿತು, ನಿಗದಿಯಾದ ಕ್ಷಣಕ್ಕೇ ಬಿಟ್ಟಿದ್ದರೆ ದಾರಿಯಲ್ಲಿ ಯಾವುದೋ ವಸ್ತು ತೀರಾ ಹತ್ತಿರ ಬರುತ್ತಿತ್ತು. ಆ ವರ್ಷ ಡಿಕ್ಕಿ ತಪ್ಪಿಸಲೆಂದು ಇಸ್ರೋ ತನ್ನ ಉಪಗ್ರಹಗಳನ್ನು 23 ಸಲ ಪಕ್ಕಕ್ಕೆ ಸರಿಸಿತು. ಈ ಕಾವಲು ಕೆಲಸಕ್ಕೆಂದೇ ಪೀಣ್ಯದಲ್ಲಿ ಐಎಸ್4ಒಎಂ ಎಂಬ ಕೇಂದ್ರವಿದೆ, 2022ರ ಜುಲೈನಲ್ಲಿ ಉದ್ಘಾಟನೆಯಾದದ್ದು.

ಇಷ್ಟೆಲ್ಲ ಮೇಲಿನ ಮಾತಾಯಿತು. ಕೆಳಗಿರುವ ನಮಗೆ ಇದರಿಂದ ಬರುವುದೇನು?

ಸವದತ್ತಿಯ ಎಲ್ಲಮ್ಮನಗುಡ್ಡಕ್ಕೆ ಭರತ ಹುಣ್ಣಿಮೆಯ ದಿನ ಹೋದವರಿಗೆ ಗೊತ್ತು. ಲಕ್ಷಗಟ್ಟಲೆ ಜನ, ಚಕ್ಕಡಿಗಳು, ಟ್ರ್ಯಾಕ್ಟರುಗಳು, ಉಧೋ ಉಧೋ ಕೂಗು, ಭಂಡಾರದ ಹಳದಿ. ಜೊತೆಗೆ ಬಂದವರು ತಪ್ಪಿಸಿಕೊಂಡರೆ ಕೇಳಿಬರುವ ಮಾತು ಒಂದೇ: ‘ಫೋನ್ ಹತ್ತವಲ್ದು.’ ಟವರ್ ಪಕ್ಕದಲ್ಲೇ ಇದ್ದರೂ ಅಷ್ಟು ಮಂದಿಗೆ ಸಾಲದು. ಆಕಾಶದಿಂದ ಇಂಟರ್‌ನೆಟ್ ಬಂದರೆ ಈ ಗೋಳು ತಪ್ಪೀತು ಎಂದು ಎಷ್ಟೋ ಜನ ಅಂದುಕೊಂಡಿದ್ದಾರೆ. ತಪ್ಪುವುದಿಲ್ಲ. ಸ್ಟಾರ್‌ಲಿಂಕ್‌ನ ಒಂದು ಕಿರಣ ನೆಲದ ಮೇಲೆ ಇಪ್ಪತ್ತು ಇಪ್ಪತ್ತೈದು ಕಿಲೋಮೀಟರ್ ಅಗಲದ ತುಂಡಿಗೆ ಬೀಳುತ್ತದೆ, ಆ ತುಂಡಿನೊಳಗಿನವರೆಲ್ಲ ಅದನ್ನೇ ಹಂಚಿಕೊಳ್ಳಬೇಕು. ಗುಡ್ಡವೂ, ಸವದತ್ತಿ ಊರೂ, ನವಿಲುತೀರ್ಥದ ಅಣೆಕಟ್ಟೂ ಒಂದೇ ತುಂಡಿನಲ್ಲಿ ಸೇರಿಹೋದರೂ ಆಶ್ಚರ್ಯವಿಲ್ಲ. ಜನ ಎಲ್ಲಿ ಮುಗಿಬಿದ್ದಿದ್ದಾರೋ ಅಲ್ಲಿ ಇನ್ನೊಂದು ಟವರ್ ನಿಲ್ಲಿಸಬಹುದು, ಉಪಗ್ರಹವನ್ನು ಹಾಗೆ ನಿಲ್ಲಿಸಲಾಗದು. ಅದರ ಮೇಲೆ ನಮ್ಮ ಅಕ್ಷಾಂಶದ ತೊಂದರೆ ಬೇರೆ. ಸ್ಟಾರ್‌ಲಿಂಕ್‌ನ ಬಹಳಷ್ಟು ಉಪಗ್ರಹಗಳು 53 ಡಿಗ್ರಿ ಓರೆಯ ಕಕ್ಷೆಯಲ್ಲಿ ಸುತ್ತುವುದರಿಂದ ದಟ್ಟಣೆ ಹೆಚ್ಚುವುದು ಲಂಡನ್ನಿನ ಆಸುಪಾಸಿನ ಆಕಾಶದಲ್ಲಿ. ಒನ್‌ವೆಬ್‌ನವು ಧ್ರುವದಿಂದ ಧ್ರುವಕ್ಕೆ ಹೋಗುವುದರಿಂದ ಧ್ರುವಗಳಲ್ಲೇ ಒತ್ತು. ಹದಿನಾರು ಡಿಗ್ರಿಯ ಹತ್ತಿರವಿರುವ ಸವದತ್ತಿ, ರಾಮದುರ್ಗದ ಮೇಲೆ ಎರಡೂ ಹಿಂಡು ತೆಳುವೇ.

ಹಾಗಾದರೆ ಉಪಯೋಗವೇ ಇಲ್ಲವೆ? ಇದೆ. ಕಿತ್ತೂರಿನಿಂದ ಪಡುವಣಕ್ಕೆ ಖಾನಾಪುರದ ಭೀಮಗಡ ಕಾಡಿದೆ. ಅದರೊಳಗಿನ ಹಳ್ಳಿಗಳಿಗೆ ಕೇಬಲ್ ಎಳೆಯಲು ಕಾಡಿನ ಕಾನೂನು ಅಡ್ಡ, ಟವರ್ ಹಾಕಿದರೆ ಕಂಪನಿಗೆ ಗಿಟ್ಟದು. ಇಂಥ ಕಡೆ ಶಾಲೆಗೊಂದು, ಆರೋಗ್ಯ ಕೇಂದ್ರಕ್ಕೊಂದು ತಟ್ಟೆ ಸಾಕು. 2019ರ ಆಗಸ್ಟ್‌ನಲ್ಲಿ ಮಲಪ್ರಭಾ ಉಕ್ಕಿ ರಾಮದುರ್ಗಕ್ಕೂ ಮುನವಳ್ಳಿಗೂ ನೀರು ನುಗ್ಗಿತಲ್ಲ, ಅಂಥ ದಿನಗಳಲ್ಲಿ ಕರೆಂಟ್ ಹೋದರೆ ಟವರ್ ಬ್ಯಾಟರಿ ಒಂದಿಷ್ಟು ಹೊತ್ತು ಮಾತ್ರ. ತಹಶೀಲ್ದಾರರ ಜೀಪಿನಲ್ಲಿ ಜನರೇಟರ್ ಜೊತೆ ಒಂದು ತಟ್ಟೆ ಇದ್ದರೆ ಅದರ ಬೆಲೆ ಬೇರೆಯೇ. ಎರೆ ನೆಲದ ಬಯಲೂರುಗಳಾದ ಬೈಲಹೊಂಗಲ ಕಡೆಯ ಪಂಚಾಯಿತಿಗಳಿಗೆ ಬೇಕಾದದ್ದು ಮಾತ್ರ ಭಾರತ್‌ನೆಟ್‌ನ ಕೇಬಲ್, ಮತ್ತು ರಸ್ತೆ ಅಗಲ ಮಾಡುವ ಜೆಸಿಬಿ ಅದನ್ನು ಕಿತ್ತಾಗ ಅದೇ ವಾರ ಬಂದು ಜೋಡಿಸುವವರು. ನೆಲದೊಳಗಿನ ಕೇಬಲ್ಲನ್ನು ಐದು ವರ್ಷಕ್ಕೊಮ್ಮೆ ಸುಟ್ಟು ಹೊಸದು ಹಾಕಬೇಕಾಗಿಲ್ಲ.

ಸುಡುವ ಮಾತೂ ಸಣ್ಣದಲ್ಲ. ಕೆಳಗಿನ ಕಕ್ಷೆ ಒಳ್ಳೆಯದು, ಸತ್ತದ್ದು ಬೇಗ ಬೀಳುತ್ತದೆ ಎಂದೆ. ಬಿದ್ದದ್ದು ಎಲ್ಲಿ ಹೋಗುತ್ತದೆ? ಐದು ವರ್ಷ ಆಯುಷ್ಯದ ಹತ್ತು ಸಾವಿರ ಉಪಗ್ರಹಗಳನ್ನು ಇಟ್ಟುಕೊಂಡರೆ ದಿನಕ್ಕೆ ಐದಾರು ಉರಿಯಲೇಬೇಕು. 250 ಕಿಲೋದ ಒಂದು ಉಪಗ್ರಹ ಉರಿದರೆ ಸುಮಾರು 30 ಕಿಲೋ ಅಲ್ಯೂಮಿನಿಯಂ ಆಕ್ಸೈಡ್ ಪುಡಿ ಮೇಲುಗಾಳಿಯಲ್ಲಿ ಉಳಿಯುತ್ತದೆ ಎಂದು 2024ರ ಒಂದು ಅಧ್ಯಯನ ಲೆಕ್ಕ ಹಾಕಿದೆ. ಅದಕ್ಕೂ ಹಿಂದಿನ ವರ್ಷ ಅಮೆರಿಕದ ವಿಜ್ಞಾನಿಗಳು ಎತ್ತರದ ವಿಮಾನದಲ್ಲಿ ಹೋಗಿ ವಾಯುಮಂಡಲದ ಕಣಗಳನ್ನು ಹಿಡಿದು ನೋಡಿದಾಗ, ದೊಡ್ಡ ಕಣಗಳಲ್ಲಿ ಶೇ 10ರಷ್ಟರಲ್ಲಿ ರಾಕೆಟ್ ಉಪಗ್ರಹಗಳ ಲೋಹ ಸಿಕ್ಕಿತು. ಓಝೋನ್ ಪದರದ ಮೇಲೆ ಇದರ ಪರಿಣಾಮದ ಲೆಕ್ಕ ಈಗಷ್ಟೇ ಶುರುವಾಗಿದೆ. ಖಗೋಳದವರ ಗೋಳು ಇನ್ನೊಂದು. ಲಡಾಖಿನ ಹಾನ್ಲೆಯಲ್ಲಿರುವ ಹಿಮಾಲಯನ್ ಚಂದ್ರ ದೂರದರ್ಶಕವನ್ನು ನಡೆಸುವುದು ಬೆಂಗಳೂರಿನ ಹತ್ತಿರದ ಹೊಸಕೋಟೆಯಲ್ಲಿ ಕೂತು, ಉಪಗ್ರಹ ಸಂಪರ್ಕದ ಮೂಲಕ. ಉಪಗ್ರಹವಿಲ್ಲದೆ ಅವರಿಗೆ ನಡೆಯದು, ಹಿಂಡು ಹೆಚ್ಚಿದರೆ ಅವರ ಚಿತ್ರಗಳಲ್ಲೇ ಬಿಳಿ ಗೀರು.

2024ರ ಏಪ್ರಿಲ್‌ನಲ್ಲಿ ಬಾಹ್ಯಾಕಾಶ ಕಸದ ಕುರಿತ ಅಂತರರಾಷ್ಟ್ರೀಯ ಸಮಿತಿಯ 42ನೇ ಸಭೆ ಬೆಂಗಳೂರಿನಲ್ಲೇ ಸೇರಿತು. 2030ರ ಹೊತ್ತಿಗೆ ಭಾರತದ ಸರ್ಕಾರಿ, ಖಾಸಗಿ ಯಾವ ಯಾನವೂ ಕಸ ಉಳಿಸದಂತೆ ಮಾಡುವುದು ನಮ್ಮ ಗುರಿ ಎಂದು ಇಸ್ರೋದ ಅಂದಿನ ಅಧ್ಯಕ್ಷ ಎಸ್. ಸೋಮನಾಥ್ ಅಲ್ಲಿ ಘೋಷಿಸಿದರು. ಮರುವರ್ಷ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆ ಸ್ಟಾರ್‌ಲಿಂಕ್‌ಗೆ ಪರವಾನಗಿ ಕೊಟ್ಟಿತು, ಜುಲೈನಲ್ಲಿ ಬಾಹ್ಯಾಕಾಶ ನಿಯಂತ್ರಣ ಸಂಸ್ಥೆ ಇನ್‌ಸ್ಪೇಸ್ ಐದು ವರ್ಷದ ಅನುಮತಿ ಕೊಟ್ಟಿತು. ಒನ್‌ವೆಬ್‌ಗೆ 2021ರಲ್ಲೇ ಪರವಾನಗಿ ಸಿಕ್ಕಿತ್ತು. ಆಮೇಲೆ ತಿಂಗಳುಗಟ್ಟಲೆ ನಡೆದ ಚರ್ಚೆ ತರಂಗಾಂತರದ ಬೆಲೆಯದು, ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ ಹೇಳಿದ, ಆದಾಯದ ಶೇ 4ರ ಶುಲ್ಕದ್ದು, ದೇಶದ ಭದ್ರತೆಯದು. ಎತ್ತರದ ಮಾತು ಅಲ್ಲಿ ಮುಖ್ಯವಾಗಲಿಲ್ಲ.

1200 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ಕಟ್ಟಿದವರಿಗೂ ಈ ಚಿಂತೆ ಇಲ್ಲದಿರಲಿಲ್ಲ. ಒನ್‌ವೆಬ್‌ನ ಪ್ರತಿ ಉಪಗ್ರಹದಲ್ಲೂ ಆಯುಷ್ಯ ಮುಗಿದಾಗ ಕೆಳಗಿಳಿಯಲು ಇಂಧನ ಮೀಸಲಿದೆ. ಕೆಟ್ಟು ನಿಂತರೆ ಬೇರೊಂದು ನೌಕೆ ಬಂದು ಹಿಡಿದು ಎಳೆಯಲಿ ಎಂದು ಮೈಮೇಲೆ ಒಂದು ಹಿಡಿಕೆಯನ್ನೂ ಇಟ್ಟಿದ್ದಾರೆ. ಹಾಗೆ ಎಳೆಯಬಲ್ಲ ನೌಕೆಯನ್ನು ಅಸ್ಟ್ರೋಸ್ಕೇಲ್ ಎಂಬ ಕಂಪನಿ ಕಟ್ಟುತ್ತಿದೆ.